ಅರ್ಜಿಯಲ್ಲಿ ಬರೆಯದ ಮಾತು

ನಮ್ಮ ಮನೆಯಲ್ಲಿ ಕನ್ನಡ ಓದಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಅಪ್ಪನಿಗೆ ಉರ್ದುವಿನಲ್ಲಿ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ಅಣ್ಣ ಮೂರು ವರ್ಷ ಸಾಲೆಗೆ ಹೋಗಿ ಬಿಟ್ಟಿದ್ದ, ಅದೂ ನಿಜಾಮರ ಕಾಲದ ಉರ್ದು ಸಾಲೆ. ನನ್ನನ್ನು ಲಿಂಗಸುಗೂರಿನ ಸೋದರತ್ತೆ ತನ್ನ ಬಳಿ ಇಟ್ಟುಕೊಂಡು ಕನ್ನಡ ಏಳನೆಯವರೆಗೆ ಓದಿಸಿದ್ದಳು. ಮದುವೆಯಾದ ಒಂದೂವರೆ ವರ್ಷಕ್ಕೆ ಗಂಡ ಜ್ವರ ಬಂದು ತೀರಿಕೊಂಡ. ಹತ್ತೊಂಬತ್ತನೆಯ ವಯಸ್ಸಿಗೆ ನಾನು ಮಸ್ಕಿಗೆ, ತವರಿಗೆ, ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದೆ. ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಣ್ಣ, ಅತ್ತಿಗೆ, ಅವರ ಮೂರು ವರ್ಷದ ಮಗಳು ಇದ್ದರು.

ಅತ್ತಿಗೆ ಬಳಗಾನೂರಿನವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಬಂದ ಹೊಸದರಲ್ಲಿ ನನ್ನೆದುರು ಬಳೆ ಸದ್ದಾಗಬಾರದೆಂದು ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಒತ್ತಿ ಹಿಡಿದುಕೊಂಡು ಓಡಾಡುತ್ತಿದ್ದಳು. ಹಾಗೆ ಹಿಡಿದುಕೊಂಡು ಯಾವ ಕೆಲಸವಾದೀತು? ಒಂದು ದಿನ ನಾನೇ ಹೇಳಿದೆ, "ಬಿಡು ಯಕ್ಕಾ, ಸಪ್ಪಳಾದ್ರ ಆಗ್ಲಿ. ನನಗೇನೂ ಅನಸೂದಿಲ್ಲ." ಅವಳು ಕೈ ಬಿಟ್ಟು ನನ್ನ ಮುಖ ನೋಡುತ್ತ ಅತ್ತುಬಿಟ್ಟಳು. ಆಮೇಲೆ ಇಬ್ಬರೂ ನಕ್ಕೆವು. ತವರಿಗೆ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತು.

ನಮ್ಮದು ಹಗ್ಗದ ಅಂಗಡಿ. ಪುಂಡಿನಾರಿನ ಮಿಣಿ, ಕಣ್ಣಿ, ಮೂಗುದಾಣ, ಬಾರುಕೋಲು, ಎತ್ತಿಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಮುಂದೆ ಅಪ್ಪನ ಅಪ್ಪ ಕಟ್ಟಿಸಿದ ಎದೆಯೆತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ತಗಡಿನ ಛಪ್ಪರ. ಬಜಾರಿನ ಎರಡೂ ಕಡೆ ಎಲ್ಲರವೂ ಹಾಗೇ ಇದ್ದವು. ಎದುರುಬದುರಿನ ಛಪ್ಪರಗಳ ನಡುವೆ ಉಳಿದದ್ದೇ ಸಡಕು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಗಾಡಿಗಳಿಗೆ ಇದೊಂದೇ ದಾರಿ. ಬಂಡಿ, ಎಮ್ಮೆ, ದಿನಕ್ಕೆರಡು ಬಸ್ಸು ಓಡಾಡುವಾಗ ಅದು ಸಾಕಾಗಿತ್ತು. ನಿಜಾಮರ ಆಳ್ವಿಕೆ ಹೋದ ಮೇಲೆ ಕಾಲುವೆ ಕೆಲಸ ಜೋರಾಯಿತು. ಕಲ್ಲು, ಸಿಮೆಂಟು, ಕಬ್ಬಿಣ ಹೇರಿಕೊಂಡ ಲಾರಿಗಳು ಒಂದರ ಹಿಂದೊಂದು ಬರತೊಡಗಿದವು. ಅವು ಬಂದರೆ ಅಂಗಡಿಯ ತಗಡೆಲ್ಲ ನಡುಗುತ್ತಿತ್ತು, ಬಂಡಿಯ ಎತ್ತು ಬೆದರಿ ಕೊರಳ ಹಗ್ಗ ಹರಿದುಕೊಂಡು ಓಡುತ್ತಿತ್ತು. ಒಮ್ಮೆ ಕುಂಬಾರರ ಬಂಡಿ ಮಗುಚಿ ಗಡಿಗೆಯೆಲ್ಲ ಸಡಕಿನ ಮೇಲೆ ಪುಡಿಯಾದವು. ಜನ ನಿಂತು ನೋಡಿದರು, ಬೈದರು, ಮನೆಗೆ ಹೋದರು.

ಒಂದು ಸೋಮವಾರ ಡಂಗುರ ಬಂತು. ಸಡಕಿನ ಸಾಹೇಬರು ಚಾವಡಿಗೆ ಬರುತ್ತಾರೆ, ಬಜಾರಿನ ಸಡಕು ಅಗಲ ಮಾಡುವ ವಿಚಾರವಿದೆ, ಕಟ್ಟೆ ಛಪ್ಪರಗಳನ್ನು ಎರಡೂ ಕಡೆ ಮೂರು ಮೂರು ಮೊಳ ಹಿಂದೆ ಸರಿಸಬೇಕಾದೀತು, ಜನ ತಮ್ಮ ಅಭಿಪ್ರಾಯ ಹೇಳಬಹುದು, ಬರೆದೂ ಕೊಡಬಹುದು.

ಅಂದು ಸಂಜೆಯೇ ಅಂಗಡಿಕಾರರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿದರು. ಕಿರಾಣಿ ಅಂಗಡಿಯ ಸಾಹುಕಾರರು ಮುಂದಾಳು. ಅಪ್ಪ ಅವರ ಮಾತು ಮೀರುವವನಲ್ಲ. ಹಾಗೆಂದು ಅಪ್ಪ ಆಸೆಬುರುಕನೂ ಆಗಿರಲಿಲ್ಲ. ನಮ್ಮ ಛಪ್ಪರದ ನೆರಳಿನಲ್ಲಿ ಕಾಯಿಪಲ್ಯೆ ಮಾರುವವರು, ಕಲಾಯಿ ಹಾಕುವ ಮುದುಕ, ಬಸ್ಸಿಗೆ ಕಾಯುವ ಬಾಣಂತಿಯರು ಕೂತಿರುತ್ತಿದ್ದರು. ಯಾರನ್ನೂ ಅಪ್ಪ ಎಬ್ಬಿಸಿದ್ದನ್ನು ನಾನು ನೋಡಿಲ್ಲ. "ಛಪ್ಪರ ಕಡಿದ್ರ ಈ ಮಂದಿ ಎಲ್ಲಿ ಕುಂದರಬೇಕು?" ಎನ್ನುವುದೂ ಅವನ ಮನಸ್ಸಿನಲ್ಲಿತ್ತು.

ಕಚೇರಿಯಲ್ಲಿ ಈಗ ಕನ್ನಡದ ಅರ್ಜಿ ನಡೆಯುತ್ತದೆ ಎಂದು ಯಾರೋ ಹೇಳಿದರು. ಬರೆಯುವುದಕ್ಕೆ ನನ್ನನ್ನು ಕರೆದರು. ನಾನು ನಡುಬಾಗಿಲ ಒಳಗೆ ಕೂತು ಮಣೆಯ ಮೇಲೆ ಕಾಗದವಿಟ್ಟುಕೊಂಡು, ಅವರು ಹೊರಗಿನಿಂದ ಹೇಳಿದ್ದನ್ನು ಬರೆದೆ. ಕಟ್ಟೆಗಳು ಅಜ್ಜನ ಕಾಲದವು. ಕಡಿದರೆ ಅಂಗಡಿಯ ಗೋಡೆ ನಿಲ್ಲುವುದಿಲ್ಲ. ತಪ್ಪು ಲಾರಿಯವರದು, ಅವರನ್ನು ಸಾವಕಾಶ ಹೋಗುವಂತೆ ತಾಕೀತು ಮಾಡಿದರೆ ಸಾಕು.

ಅತ್ತಿಗೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಮಸಿಯಲ್ಲಿ ಲೆಕ್ಕಣಿಕೆ ಅದ್ದುವಾಗ ಮೆಲ್ಲಗೆ ಅಂದಳು:

"ಇದೊಂದು ಬರೀ ತಂಗಿ. ಸೀನೀರಿನ ಬಾವಿ ಸಡಕಿನ ಆ ಕಡೆ ಐತಿ, ನಮ್ಮ ಮನಿಗೋಳು ಈ ಕಡೆ ಅದಾವ. ತಲಿಮ್ಯಾಲೊಂದು, ಬಗಲಾಗೊಂದು ಕೊಡ ಇಟಗೊಂಡು ಬರ್ತೀವಿ. ಲಾರಿ ಬಂದ್ರ ಗಂಡಸ್ರು ಕಟ್ಟಿಗೆ ಜಿಗೀತಾರ. ನಮಗ ಕೊಡ ಹೊತಗೊಂಡು ಹತ್ತಾಕ ಬರ್ತದೇನು? ಹೆಣ್ಮಕ್ಕಳು ನಡ್ಯಾಕ ಅಂಚಿಗೊಂದಿಷ್ಟು ಜಾಗ ಮಾಡಿಕೊಡ್ರಿ ಅಂತ ಬರಿ."

ನಾನು ಎದ್ದು ಹೋಗಿ ಅಪ್ಪನನ್ನು ಒಳಗೆ ಕರೆದು ಅದನ್ನು ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ಸಣ್ಣಗೆ ನಕ್ಕ.

"ಇದು ಅಂಗಡಿಕಾರರ ಅರ್ಜಿ ಐತಿ ಯವ್ವಾ. ಇದರಾಗ ನೀರಿನ ಮಾತು ಬ್ಯಾಡ. ಜಾಗ ಬೇಕು ಅಂತ ನಾವ ಬರದ್ರ, ಸಾಹೇಬ ಅದನ್ನ ಹಿಡಕೊಂಡು ಮೊದಲು ನಮ್ಮ ಕಟ್ಟಿಗೇ ಹಾರಿ ಹಾಕಸ್ತಾನ."

ಅದು ಸರಿಯಾದ ಲೆಕ್ಕಾಚಾರವೇ ಆಗಿತ್ತು. ನಾನು ತಿರುಗಿ ಬಂದು ಕೂತೆ. ಅತ್ತಿಗೆ ಎಲ್ಲ ಕೇಳಿಸಿಕೊಂಡಿದ್ದಳು. "ಇರ್ಲಿ ಬಿಡು. ಮಾವಾರು ಅನ್ನೂದೂ ಖರೇನ. ನಾವು ನೋಡಿ ದಾಟಿದ್ರಾತು" ಎಂದು ಮೊರದಲ್ಲಿನ ಕಲ್ಲು ಹೆಕ್ಕಿ ಹೊರಗೆ ಎಸೆದಳು. ನಾನು ಅರ್ಜಿ ಮುಗಿಸಿದೆ. ಹೊರಗಿದ್ದವರು ಒಬ್ಬೊಬ್ಬರಾಗಿ ಸಹಿ ಹಾಕಿದರು, ಬರದವರು ಹೆಬ್ಬೆಟ್ಟು ಒತ್ತಿದರು. ನನ್ನ ಅಕ್ಷರ ದುಂಡಗಿದೆ ಎಂದು ಸಾಹುಕಾರರು ಹೊಗಳಿದರು. ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಡಬಾರದು.

ಚಾವಡಿಯ ಸಭೆಗೆ ಅಪ್ಪ ಮತ್ತು ಅಣ್ಣ ಹೋದರು. ನಾನೂ ಅತ್ತಿಗೆಯೂ ನೀರು ತರುವ ನೆಪದಲ್ಲಿ ಚಾವಡಿಯ ಎದುರಿನ ಬಾವಿಯ ಹತ್ತಿರದಿಂದ ನೋಡಿದೆವು. ಸಾಹೇಬರು ಇನ್ನೂ ಹರೆಯದವರು, ದೂರದ ಊರಿನವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಅರ್ಜಿಯನ್ನು ಎಲ್ಲರೆದುರು ಓದಿಸಿದರು. "ಬೇರೆ ಯಾರಾದರೂ ಏನಾದರೂ ಹೇಳುವುದಿದೆಯೇ?" ಎಂದು ಎರಡು ಸಲ ಕೇಳಿದರು. ಬಾವಿಯ ಸುತ್ತ ಏಳೆಂಟು ಜನ ಹೆಂಗಸರು ಕೊಡ ಹಿಡಿದು ನಿಂತಿದ್ದೆವು. ಆ ಪ್ರಶ್ನೆ ನಮಗೂ ಕೇಳಿಸಿತು. ಅದು ನಮ್ಮನ್ನು ಕೇಳಿದ್ದೆಂದು ನಮಗೆ ಅನಿಸಲೇ ಇಲ್ಲ. ಊರೆಲ್ಲ ಬೇಡವೆಂದ ಮೇಲೆ ಸಾಹೇಬರು ತಾನೇ ಏನು ಮಾಡಿಯಾರು? ಬಜಾರಿನ ಎರಡೂ ತುದಿಗೆ 'ಸಾವಕಾಶ' ಎಂದು ಬರೆದ ಹಲಗೆ ನಿಲ್ಲಿಸಿ ಹೋದರು.

ಮುಂದಿನ ವರ್ಷ, ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಗೆ ನಾಲ್ಕು ದಿನ ಇತ್ತು. ಹಗ್ಗದ ವ್ಯಾಪಾರಕ್ಕೆ ಅದೇ ಸುಗ್ಗಿ. ಹೊಸ ಮಿಣಿಯನ್ನು ಸುತ್ತಿಟ್ಟ ಸಿಂಬಿಗಳನ್ನು ಅಪ್ಪ ಕಟ್ಟೆಯ ತುಂಬ ಒಟ್ಟಿಸಿದ್ದ. ಕಟ್ಟೆಗೆ ಹತ್ತುವ ಮೆಟ್ಟಿಲುಗಲ್ಲಿನ ಮೇಲೂ ಸಿಂಬಿಗಳಿದ್ದವು. ಕೊಡ ಹೊತ್ತ ಹೆಂಗಸರು ಲಾರಿ ಬಂದಾಗ ಆ ಕಲ್ಲಿನ ಮೇಲೆ ಒಂದು ಕಾಲಿಟ್ಟು ಕಟ್ಟೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ದಿನಾ ಬೆಳಿಗ್ಗೆ ನೀರಿಗೆ ನಾವಿಬ್ಬರೂ ಹೋಗುತ್ತಿದ್ದೆವು. ಅಂದು ಮಗುವಿನ ಕಿವಿ ಸೋರಿ ರಾತ್ರಿಯೆಲ್ಲ ಅತ್ತಿತ್ತು. "ನೀ ಕೂಸಿನ ಕಡೆ ಇರು, ನಾ ಎರಡು ಸಲ ಹೋಗಿ ಬರ್ತೀನಿ" ಎಂದು ಅತ್ತಿಗೆ ಒಬ್ಬಳೇ ಹೋದಳು.

ಮೊದಲನೆಯ ಸಲದ ನೀರು ಸುರಿದು ಎರಡನೆಯ ಸಲಕ್ಕೆ ಹೋಗಿದ್ದಳು. ನಾನು ಮಗುವಿನ ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುತ್ತಿದ್ದೆ. ಸಿಂಧನೂರಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು, ಇತ್ತ ಕಡೆಯಿಂದ ಲಾರಿಯ ಸದ್ದು. ದಿನಾ ಕೇಳುವ ಸದ್ದುಗಳೇ. ಆಮೇಲೆ ಅಪ್ಪ ಕೂಗಿದ. ಅಪ್ಪ ಹಾಗೆ ಕೂಗಿದ್ದನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಆದದ್ದು ಇಷ್ಟು. ಬಸ್ಸಿಗೆ ದಾರಿ ಬಿಡಲು ಲಾರಿ ನಮ್ಮ ಕಡೆಗೆ ಸರಿದಿತ್ತು. ಅತ್ತಿಗೆ ಸಡಕು ದಾಟಿ ನಮ್ಮ ಕಟ್ಟೆಯವರೆಗೆ ಬಂದಿದ್ದಳು. ಮೆಟ್ಟಿಲುಗಲ್ಲಿಗೆ ಕಾಲೆತ್ತಿದಳು. ಕಾಲಿಡಲು ಜಾಗವಿರಲಿಲ್ಲ. ಹಿಂದೆ ಸರಿದಳು. ಲಾರಿಯ ಮಗ್ಗುಲಿನ ಹಲಗೆ ಅವಳನ್ನು ಕಟ್ಟೆಗೆ ಒತ್ತಿಕೊಂಡು ಹೋಯಿತು. ಅಪ್ಪ ಅಂಗಡಿಯಲ್ಲಿ ಅವಳಿಂದ ಎರಡು ಮಾರು ದೂರದಲ್ಲಿ ಕೂತಿದ್ದ.

ನಾನು ಹೊರಗೆ ಬಂದಾಗ ಅವಳು ಕಟ್ಟೆಗೆ ಒರಗಿ ಕೂತವಳಂತೆ ಇದ್ದಳು. ಸೀರೆಯೆಲ್ಲ ನೀರಿನಿಂದ ತೊಯ್ದಿತ್ತು. ರಕ್ತ ಹೆಚ್ಚೇನೂ ಕಾಣಲಿಲ್ಲ. ಏನೂ ಆಗಿಲ್ಲವೆಂದೇ ನಾನು ಮೊದಲು ಅಂದುಕೊಂಡೆ. ಲಾರಿಯವನು ಓಡಿಹೋಗಲಿಲ್ಲ. ಇಳಿದು ಬಂದು ತಲೆ ತಲೆ ಚಚ್ಚಿಕೊಂಡ. ಜನ ಅವನಿಗೆ ನಾಲ್ಕು ಬಿಗಿದರು. ಅಪ್ಪ ಬಿಡಿಸಿ, "ಅವನ್ನ ಹೊಡದ್ರ ಗಾಡಿ ಯಾರು ನಡಸಬೇಕು? ಬಿಡ್ರಿ, ದವಾಖಾನಿಗೆ ಹೋಗೂದೈತಿ" ಎಂದ. ಅದೇ ಲಾರಿಯ ಕಲ್ಲು ಇಳಿಸಿ, ಕೌದಿ ಹಾಸಿ ಅತ್ತಿಗೆಯನ್ನು ಮಲಗಿಸಿದರು. ಅಪ್ಪ, ಅಣ್ಣ ಅಕ್ಕಪಕ್ಕ ಕೂತರು. ಲಿಂಗಸುಗೂರಿನ ದವಾಖಾನೆಗೆ ಹೋದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಮಗು "ಅವ್ವ ಎಲ್ಲಿ ಹೊಂಟಾಳ?" ಎಂದು ಕೇಳಿತು. ತವರಿಗೆ ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಮಗು ಎಷ್ಟೋ ತಿಂಗಳು ಬಳಗಾನೂರಿನ ಬಸ್ಸು ಬಂದಾಗಲೆಲ್ಲ ಹೊರಗೆ ಓಡುತ್ತಿತ್ತು.

ದವಾಖಾನೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಒಳಗಿನ ಪೆಟ್ಟು. ಎರಡನೆಯ ದಿನ ಮಧ್ಯಾಹ್ನ ಹೋದಳು. ನಡುವೆ ಒಮ್ಮೆ ಎಚ್ಚರವಾದಾಗ ಅಣ್ಣನನ್ನು, "ಕೊಡ ನಗ್ಗೇತೇನ್ರಿ? ನಮ್ಮವ್ವ ಕೊಟ್ಟಿದ್ದು" ಎಂದು ಕೇಳಿದಳಂತೆ. ಇಲ್ಲ ಎಂದನಂತೆ ಅಣ್ಣ.

ಬಳಗಾನೂರಿನಿಂದ ಅವಳ ಅಪ್ಪ ಬಂದರು. ಯಾರನ್ನೂ ಬೈಯಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ನಮ್ಮ ಅಪ್ಪನ ಪಕ್ಕದಲ್ಲಿ ಕೂತು, "ಬೀಗರ, ನೀವರೆ ಏನ್ಮಾಡ್ತೀರಿ, ಆಕಿ ಹಣೀಬಾರ" ಎಂದರು. ಅಪ್ಪ ಎದ್ದು ಹಿತ್ತಲಿಗೆ ಹೋದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಹದಿನೈದು ದಿನ ಕಳೆದಿರಬಹುದು. ಅಣ್ಣ ಉಣ್ಣಲು ಕೂತಿದ್ದ. ನಾನು ರೊಟ್ಟಿ ಹಾಕುತ್ತಿದ್ದೆ. ತಟ್ಟೆ ನೋಡುತ್ತಲೇ ಕೇಳಿದ:

"ಹೋದ ವರ್ಷ ಅರ್ಜಿ ಬರದಿ ಅಲ್ಲಾ. ಆಗ ಆಕಿ ನಿನಗ ಏನರೆ ಹೇಳಿದ್ಲೇನು?"

ಅವನಿಗೆ ಹೇಗೆ ಗೊತ್ತಾಯಿತೋ. ಬಾವಿಯ ಹತ್ತಿರ ಹೆಂಗಸರ ಮುಂದೆ ಅತ್ತಿಗೆ ಆಡಿದ್ದಿರಬೇಕು, ಅವರು ಅಂದದ್ದಿರಬೇಕು. ಸುಳ್ಳು ಹೇಳಬಹುದಿತ್ತು. ನನಗೆ ಆಗಲಿಲ್ಲ.

"ಹೇಳಿದ್ಲು. ಹೆಣ್ಮಕ್ಕಳು ನಡ್ಯಾಕ ಅಂಚಿಗೆ ಜಾಗ ಬೇಕು ಅಂತ ಬರಿ ಅಂದ್ಲು."

"ನೀ ಬರದೇನು?"

"ಇಲ್ಲ."

ಅವನು ತಟ್ಟೆ ದೂರ ಸರಿಸಿದ. ಅಪ್ಪ ನಡುಮನೆಯಲ್ಲಿದ್ದ. ಅಣ್ಣ ಅಲ್ಲಿಂದಲೇ ದನಿಯೇರಿಸಿ, "ನಿನಗ ಗೊತ್ತಿತ್ತೇನಪಾ?" ಎಂದು ಕೇಳಿದ.

"ಗೊತ್ತಿತ್ತು" ಎಂದ ಅಪ್ಪ.

ಅಣ್ಣ ಕೈ ತೊಳೆದುಕೊಂಡು ಎದ್ದ. ಅದೇ ವಾರ ಕಾಲುವೆ ಕೆಲಸಕ್ಕೆಂದು ಜವಳಗೇರಾದ ಕಡೆ ಹೋದ. ಹೋಗುವಾಗ ಮಗುವನ್ನು ನನ್ನ ಮಡಿಲಿಗೆ ಹಾಕಿ, "ನೋಡ್ಕೋ" ಎಂದಷ್ಟೇ ಅಂದ. ನನ್ನ ಮೇಲೆ ಅವನಿಗೆ ಸಿಟ್ಟಿತ್ತೇ, ಇರಲಿಲ್ಲವೇ, ನಾನು ಕೊನೆಯವರೆಗೂ ಕೇಳಲಿಲ್ಲ.

ಅಣ್ಣ ಹೋದ ಮರುದಿನ ಬೆಳಿಗ್ಗೆ ಅಪ್ಪ ಹಾರೆ ತಂದು ಕಟ್ಟೆ ಒಡೆಯಲು ನಿಂತ. ಆಗ ಅವನಿಗೆ ಅರವತ್ತು ದಾಟಿತ್ತು. ಮೊದಲು ಮೆಟ್ಟಿಲುಗಲ್ಲು ಕಿತ್ತ. ಆಮೇಲೆ ಒಂದೊಂದೇ ಕಲ್ಲು. ನೆರಳಿನಲ್ಲಿ ಕೂರುತ್ತಿದ್ದ ಕಲಾಯಿ ಮುದುಕ ಬಂದು ಕಲ್ಲಿಗೆ ಕೈ ಹಚ್ಚಿದ. ಕಿರಾಣಿ ಸಾಹುಕಾರರು ಓಡಿಬಂದರು.

"ಏನ್ ಮಾಡಾಕತ್ತಿಯೋ ಮಾರಾಯ? ನೀ ಒಬ್ಬಾವ ಕಿತ್ರ, ಸಾಹೇಬ ನಾಳೆ ನಮ್ಮ ಎಲ್ಲಾರದೂ ಕೀಳ್ರಿ ಅಂತಾನ!"

"ನಿಮ್ಮದು ನಿಮಗ ಬಿಟ್ಟದ್ದು ಸಾಹುಕಾರ್ರ. ಇದನ್ನ ನಾ ನೋಡಲಾರೆ" ಎಂದ ಅಪ್ಪ, ಹಾರೆ ನಿಲ್ಲಿಸದೆ.

ಮೂರು ದಿನ ಹಿಡಿಯಿತು. ಬೇರೆ ಯಾರೂ ಕೀಳಲಿಲ್ಲ. ಬಜಾರಿನ ಸಾಲಿನಲ್ಲಿ ನಮ್ಮ ಅಂಗಡಿಯ ಮುಂದೆ ಮಾತ್ರ ಖಾಲಿ ಜಾಗ ಬಿತ್ತು. ಲಾರಿ ಬಂದಾಗ ಹೆಂಗಸರು ಓಡಿ ಬಂದು ಅಲ್ಲಿ ನಿಲ್ಲುತ್ತಿದ್ದರು. ಅವರು ನಿಂತಾಗ ಅಪ್ಪ ಮುಖ ಎತ್ತುತ್ತಿರಲಿಲ್ಲ, ಹಗ್ಗ ಹೊಸೆಯುತ್ತ ಕೂತಿರುತ್ತಿದ್ದ.

ಸಾವಿನ ಸುದ್ದಿ ಕಚೇರಿಗೆ ಹೋಗಿತ್ತು. ಮಳೆಗಾಲ ಮುಗಿದ ಮೇಲೆ ಅದೇ ಸಾಹೇಬರು ಮತ್ತೆ ಬರುತ್ತಾರೆಂದು ಡಂಗುರವಾಯಿತು. ಅಪ್ಪ ನನ್ನ ಮುಂದೆ ಕಾಗದ ತಂದಿಟ್ಟ.

"ಆಕಿ ಹೇಳಿದ್ದು ಈಗ ಬರಿ ಯವ್ವಾ."

ಲೆಕ್ಕಣಿಕೆ ಹಿಡಿದೆ. ಮಸಿಯಲ್ಲಿ ಅದ್ದಿ ತಿರುಗಿ ಇಟ್ಟುಬಿಟ್ಟೆ. "ನನಗ ಬರ್ಯಾಕ ಆಗೂದಿಲ್ಲಪ್ಪ. ನಾನ ಬಂದು ಬಾಯಿಲೆ ಹೇಳ್ತೀನಿ" ಎಂದೆ. ವಿಧವೆ ಮಗಳು ಚಾವಡಿಯಲ್ಲಿ ಗಂಡಸರ ನಡುವೆ ನಿಂತು ಮಾತಾಡುವುದೆಂದರೆ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಅಪ್ಪ ಕಾಗದ ಎತ್ತಿಟ್ಟು, "ಬಾ" ಎಂದ.

ಬಾವಿಯ ಹೆಂಗಸರನ್ನು ಕರೆದೆ. ಹತ್ತು ಮಂದಿ ಬರುತ್ತೇವೆಂದರು, ಕೊನೆಗೆ ನಾಲ್ವರು ಬಂದರು. ಸೆರಗು ಹೊದ್ದು ಒಬ್ಬರ ಹಿಂದೊಬ್ಬರು ನಿಂತೆವು. ಸಾಹುಕಾರರು ಮೊದಲು ಮಾತಾಡಿದರು. ಅವರ ಮಾತು ಬದಲಾಗಿರಲಿಲ್ಲ, ದನಿ ಮಾತ್ರ ಇಳಿದಿತ್ತು. ಆಮೇಲೆ ಸಾಹೇಬರು ನಮ್ಮ ಕಡೆ ನೋಡಿ, "ಹೇಳಿ ತಾಯಿ" ಎಂದರು.

ಮನೆಯಲ್ಲಿ ನೂರು ಸಲ ಅಂದುಕೊಂಡಿದ್ದೆಲ್ಲ ಹಾರಿಹೋಯಿತು. "ಬಾವಿ ಆ ಕಡೆ ಐತ್ರಿ. ಮನಿ ಈ ಕಡೆ ಅದಾವ್ರಿ" ಎಂದು ನಿಂತುಬಿಟ್ಟೆ.

"ದಿನಕ್ಕೆ ಎಷ್ಟು ಸಲ ದಾಟುತ್ತೀರಿ?"

"ಆರು ಸಲ್ರಿ. ಮನಿಗೆ ಪಾವಣೇರು ಬಂದ್ರ ಎಂಟು" ಎಂದು ಹಿಂದಿನಿಂದ ಇನ್ನೊಬ್ಬಳು ಹೇಳಿದಳು. ಉಳಿದವರಿಗೂ ಬಾಯಿ ಬಂತು. ಬಸುರಿಯರು ಹೇಗೆ ದಾಟುತ್ತಾರೆ, ಮುದುಕಿಯರಿಗೆ ಲಾರಿಯ ಸದ್ದು ಕೇಳುವುದಿಲ್ಲ, ಸಾಲೆ ಬಿಟ್ಟಾಗ ಮಕ್ಕಳು ಎಲ್ಲಿ ನಿಲ್ಲುತ್ತವೆ, ಎಲ್ಲ ಹೇಳಿದರು. ಸಾಹೇಬರು ಬರೆದುಕೊಳ್ಳುತ್ತ ಹೋದರು. ಬರೆಯುವುದು ನಿಲ್ಲಿಸಿ, ಬೈಯುವಂತೇನೂ ಅಲ್ಲ, ತಿಳಿಯದೆ ಕೇಳುವವರಂತೆ ಕೇಳಿದರು:

"ಇದನ್ನು ಹೋದ ಸಲವೇ ಯಾಕೆ ಹೇಳಲಿಲ್ಲ?"

ಆಗ ಗಂಡಸರ ಗುಂಪಿನಿಂದ ಅಪ್ಪ ಮುಂದೆ ಬಂದ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಬರಿ ಅಂತ ನನ್ನ ಸೊಸಿ ಹೇಳಿದ್ಲು ಸಾಹೇಬ್ರ. ಬರ್ಯಾಕ ನಾನ ಬಿಡಲಿಲ್ಲ. ಸತ್ತಾಕಿ ಆಕೀನ."

ಸಾಹೇಬರು ಆ ಮಾತನ್ನು ಬರೆದುಕೊಳ್ಳಲಿಲ್ಲ. ಕಾಗದ ಮಡಚಿ ಅಪ್ಪನ ಮುಂದೆ ಎದ್ದು ನಿಂತರು.

ಕೆಲಸ ಶುರುವಾಗಲು ಇನ್ನೂ ಒಂದು ವರ್ಷ ಹಿಡಿಯಿತು. ಅಂಗಡಿಕಾರರಿಗೆಲ್ಲ ನೋಟೀಸು ಬಂದವು. ಕೆಲವರು ಕೂಗಾಡಿದರು, ಕೆಲವರು ತಾವೇ ಕಿತ್ತುಕೊಂಡರು. ಎರಡೂ ಅಂಚಿಗೆ ಚಪ್ಪಡಿ ಹಾಸಿ ನಡೆಯುವವರಿಗೆ ದಾರಿ ಮಾಡಿದರು. ನಮ್ಮ ಕಡೆಗೂ ಒಂದು ಬಾವಿ ತೋಡಿದರು, ಅದರಲ್ಲಿ ಸವಳು ನೀರೇ ಬಂತು. ಹೀಗಾಗಿ ಸಡಕು ದಾಟುವುದು ತಪ್ಪಲಿಲ್ಲ. ನಿಲ್ಲಲು ಜಾಗವಾಯಿತು, ಅಷ್ಟು. ಸಾಹುಕಾರರು ಒಂದು ದಿನ ಅಂಗಡಿಗೆ ಬಂದು ಅಪ್ಪನ ಹತ್ತಿರ ಕೂತು, ಹಗ್ಗ ಕೊಳ್ಳದೆ, ಮಾತೂ ಆಡದೆ, ಎದ್ದು ಹೋದರು.

ಅಣ್ಣ ಸಿಂಧನೂರಿನಲ್ಲಿ ಮನೆ ಮಾಡಿದ. ಅಲ್ಲೇ ಇನ್ನೊಂದು ಮದುವೆಯಾದ. ಮದುವೆಗೆ ಅಪ್ಪನಿಗೆ ಹೇಳಿ ಕಳಿಸಿದ್ದ, ಅಪ್ಪ ಹೋಗಿ ಅಕ್ಷತೆ ಹಾಕಿ ಅದೇ ದಿನ ಬಂದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ದೀಪಾವಳಿ ಮುಗಿದ ಮೇಲೆ, ಅಣ್ಣ ಮಗಳನ್ನು ಕರೆದೊಯ್ಯಲು ಬಂದ. ಅವಳಿಗೆ ಆರು ತುಂಬಿತ್ತು, ಸಾಲೆಗೆ ಹಾಕಬೇಕಾಗಿತ್ತು. ಅವನು ಕೇಳಿದ್ದು ನ್ಯಾಯವೇ. ಅಷ್ಟರಲ್ಲಿ ಅವಳು ನನ್ನನ್ನೇ ಅವ್ವ ಎನ್ನುತ್ತಿದ್ದಳು. ಹೆತ್ತವಳ ಮುಖ ಅವಳಿಗೆ ನೆನಪಿರಲಿಲ್ಲ. ನಾನು ಎಷ್ಟು ಬಣ್ಣಿಸಿದರೂ ಆ ಮುಖ ಅವಳಿಗೆ ಬರಲಿಲ್ಲ.

"ಅಲ್ಲಿ ಹೊಸಾಕಿ ಚೊಲೋ ಅದಾಳ, ಕೂಸನ್ನ ನೋಡ್ಕೋತಾಳ" ಎಂದ ಅಣ್ಣ.

"ಎಡಗಿವಿ ಸೋರತೈತಿ. ಥಂಡ್ಯಾಗ ಅರಿವಿ ಕಟ್ಟಂತ ಹೇಳು" ಎಂದೆ.

ಅಪ್ಪ ಮೊಮ್ಮಗಳಿಗೆ ಪುಂಡಿನಾರಿನಲ್ಲಿ ಒಂದು ಪುಟ್ಟ ಜೋಕಾಲಿ ಹಗ್ಗ ಹೊಸೆದು ಕೊಟ್ಟ. ಅಣ್ಣ ಅದನ್ನು ಕೈಚೀಲಕ್ಕೆ ಹಾಕಿಕೊಂಡ. ತಂದೆ ಮಗ ಮಾತಾಡಿದ್ದು ಮೂರು ನಾಲ್ಕು ಮಾತು, ಬಸ್ಸು ಎಷ್ಟೊತ್ತಿಗೆ, ಬಿತ್ತನೆ ಹೇಗಿದೆ ಎಂದು. ಬಸ್ಸು ಬಂತು. ಮಗು ನನ್ನ ಸೆರಗು ಹಿಡಿದುಕೊಂಡಿತ್ತು. ಅಣ್ಣ ಒಂದೊಂದೇ ಬೆರಳು ಬಿಡಿಸಿ ಎತ್ತಿಕೊಂಡ. ಬಸ್ಸು ಬಜಾರು ದಾಟುವವರೆಗೂ ಅದರ ಅಳು ಕೇಳುತ್ತಿತ್ತು.

ಅಪ್ಪ ಒಳಗೆ ಹೋಗಿ ಮಲಗಿದ್ದ. ಉಣ್ಣಲು ಎಬ್ಬಿಸಿದೆ, ಹಸಿವಿಲ್ಲ ಎಂದ. ಸಂಜೆ ಎದ್ದು ಕೂತು, "ನೀ ಸಾಲಿ ಮಾಸ್ತರ ಹತ್ರ ಹೋಗು. ಹೆಣ್ಮಕ್ಕಳ ಸಾಲ್ಯಾಗ ಕಲಸಾಕ, ಬರ್ಯಾಕ ಬರೂ ಮಂದಿ ಬೇಕಾಗ್ಯಾರಂತ" ಎಂದ. ನಾನು ಹೂಂ ಎಂದೆ. ಒಲೆ ಹೊತ್ತಿಸಿ ಇಬ್ಬರಿಗಾಗುವಷ್ಟು ಹಿಟ್ಟು ಕಲಸಿದೆ.